ಕರ್ನಲ್ ಕೈಕೆಳಗಿನವರು

ಕೊಲ್ಲಿ ನಾಡಿನ ನೈಫ್ ಪೇಟೆಯಲ್ಲಿ, ಜನರ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತ ಜೂಡಿತ್‌ಗೆ ಮನುಷ್ಯರ ಬದುಕೆಂದರೆ ಖಾನೆಗಳು. ಹುಟ್ಟು, ಮದುವೆ, ಕೆಲಸ, ವೀಸಾ, ಒಂದೊಂದಕ್ಕೂ ಒಂದು ಚೌಕ. ಉಡುಪಿ ಕಡೆಯ ಶಿರ್ವದಿಂದ ಒಂಟಿಯಾಗಿ ಬಂದವಳು ಅರಬ್ಬಿಯನ್ನು ಅರೆದು ಕುಡಿದಿದ್ದಳು. ಮಾತಾಡಲು ಮನೆಯಲ್ಲಿ ಯಾರೂ ಇಲ್ಲದವರಿಗೆ ಭಾಷೆ ಬೇಗ ಹತ್ತುತ್ತದೆಯೋ ಏನೋ.

ಆ ಮಂಗಳವಾರ ಬಂದವನು ಇದ್ರಿಸ್, ರಾಸ್ ಅಲ್ ಖೋರ್‌ನ ಹಳೇ ಕಾರುಗಳ ಅಂಗಳವೊಂದರ ಕಾವಲುಗಾರ. ಅವನ ದೇಶದ ಹೆಸರು ಬೇಡ ಬಿಡಿ. ಅಲ್ಲಿ ಅಧ್ಯಕ್ಷನಿಗೂ ಸಂಸತ್ತಿಗೂ ಹೊತ್ತಿಕೊಂಡ ಅಂತರ್ಯುದ್ಧದಲ್ಲಿ ಇವನು ಸಂಸತ್ತಿನ ಕಡೆಯ ಕರ್ನಲ್. ಅಧ್ಯಕ್ಷ ಗೆದ್ದ, ಇವನು ಗಡಿ ದಾಟಿದ. ಒಂಬತ್ತು ವರ್ಷದ ಮೇಲೆ ಸರ್ಕಾರ ಈಗ ದೊಡ್ಡ ಮನಸ್ಸು ಮಾಡಿತ್ತಂತೆ. ಕ್ಷಮಾಪಣೆ ಅರ್ಜಿ ಒಪ್ಪಿಗೆಯಾದವರು ಊರಿಗೆ ಮರಳಬಹುದು. ಊರಲ್ಲಿ ಹೆಂಡತಿ ಕಾಯುತ್ತಿದ್ದಳು.

ಅರ್ಜಿಯಲ್ಲಿ 'ಸೇವಾ ವಿವರ'ದ ಖಾನೆ ಬಂದಾಗ ಅವನ ಬೆನ್ನು ನೆಟ್ಟಗಾಯಿತು. ಹತ್ತೊಂಬತ್ತಕ್ಕೆ ಸೈನ್ಯ ಸೇರಿದ್ದು, ಸಂಸತ್ ಭವನದ ಮೇಲೆ ಗುಂಡು ಹಾರಿಸೆಂದು ಬಂದ ಆಜ್ಞೆಯನ್ನು ಹರಿದು ಹಾಕಿದ್ದು, ಒಂದು ಸೇತುವೆಯನ್ನು ನಲವತ್ತು ದಿನ ಬಿಡದೆ ಹಿಡಿದದ್ದು, ಕೊನೆಗೆ ಒಣ ಖರ್ಜೂರವೂ ಮುಗಿದು ಸೋತದ್ದು. ಇದ್ದದ್ದು ನಾಲ್ಕು ಸಾಲಿನ ಜಾಗ, ಅವನು ಹೇಳಿದ್ದು ಒಂದು ಗಂಟೆ. ಒಂಬತ್ತು ವರ್ಷದಲ್ಲಿ ಇದನ್ನೆಲ್ಲ ಯಾರೂ ಕೇಳಿರಲಿಲ್ಲ. ಜೂಡಿತ್ ಕೂಡ ಕೇಳಿರಲಿಲ್ಲ, ಪಾಪ, ಫಾರ್ಮು ಕೇಳಿತ್ತು. ಆದರೂ ಟೋಕನ್ ಹಿಡಿದು ಕಾದವರನ್ನು ಮರೆತು ಅವಳು ಕಿವಿಗೊಟ್ಟಳು.

ಕೊನೆಯ ಖಾನೆ: 'ನಿಮ್ಮ ಕೈಕೆಳಗಿದ್ದ ಸೈನಿಕರ ಹೆಸರು, ಊರು.' ಅದನ್ನು ತುಂಬದೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ.

ಇದ್ರಿಸ್ ಕೀಬೋರ್ಡಿಗೆ ಕೈ ಅಡ್ಡ ಹಿಡಿದ.

ಪಕ್ಕದ ಮೇಜಿನ ತಿಲಕ್, ಉಡುಪಿಯವನು, ಇಣುಕಿ ನೋಡಿದ. "ಜೂಡಿತಕ್ಕ, ಒಂದು ಡಾಟ್ ಹಾಕಿ ಬಿಡಿ ಮಾರಾಯ್ರೆ. ನಾವು ಯಾವಾಗ್ಲೂ ಹಾಗೇ ಅಲ್ವಾ ಮಾಡುದು? ಖಲಾಸ್!"

ಉತ್ತರವಿಲ್ಲದ ಖಾನೆಗೆ ಚುಕ್ಕೆ ಇಟ್ಟು ದಾಟಿಸುವುದು ಅವರ ಹಳೇ ಚಾಳಿ. ಅವಳು ಇಟ್ಟಳು. ಈ ಫಾರ್ಮು ಜಗ್ಗಲಿಲ್ಲ, ಹೆಸರೇ ಬೇಕೆಂದಿತು.

"ಸತ್ತವರ ಹೆಸರು ಕೊಟ್ಟರೆ?" ಅವಳು ಅರಬ್ಬಿಯಲ್ಲಿ ಮೆಲ್ಲಗೆ ಕೇಳಿದಳು. "ಅವರನ್ನು ಇನ್ನೇನು ಮಾಡಿಯಾರು?"

"ಅವರ ಮನೆಗಳು ಅಲ್ಲೇ ಇವೆ, ತಂಗಿ. ತಾಯಂದಿರಿದ್ದಾರೆ." ಅವನು ಪರದೆಯ ಖಾಲಿ ಖಾನೆಗೆ ಬೆರಳು ತೋರಿಸಿದ. "ನನ್ನ ಹೆಸರೇ ಬರೆ. ಸೇತುವೆಯಲ್ಲಿ ನಾನೊಬ್ಬನೇ ಇದ್ದೆ."

ನಲವತ್ತು ದಿನ, ಒಬ್ಬನೇ! ಊರಿನ ಬಾಗಿಲನ್ನು ಅವನು ತನ್ನ ಕೈಯಾರೆ ಮುಚ್ಚಿಕೊಳ್ಳುತ್ತಿದ್ದ, ಜೂಡಿತ್ ಟೈಪ್ ಮಾಡಿಕೊಡುತ್ತಿದ್ದಳು. ಅರ್ಜಿಯನ್ನು ಹಾಗೇ ಕಳುಹಿಸಿದಳು.

ಹತ್ತು ದಿನಕ್ಕೆ ಉತ್ತರ ಬಂತು. ಅರ್ಜಿ ತಿರಸ್ಕೃತ, ಮತ್ತೆ ಅವಕಾಶವಿಲ್ಲ. ಇದ್ರಿಸ್ ಕೌಂಟರಿನಲ್ಲೇ ನಿಂತು ಎರಡು ಸಲ ಓದಿ, ಹೆಂಡತಿಗೆ ಫೋನ್ ಮಾಡಿದ.

"ಸರ್ಕಾರದವರು ಒಪ್ಪಿದರು ಕಣೇ. ಈ ಕಂಪನಿಯವನೇ ರಜೆ ಕೊಡುತ್ತಿಲ್ಲ."

ಆ ಕಡೆಯಿಂದ ಅವಳು ಕಂಪನಿಯವರಿಗೆ ಹಿಡಿಶಾಪ ಹಾಕುವುದು ಜೂಡಿತ್‌ಗೂ ಕೇಳಿಸಿತು. ಕರ್ನಲ್ ಗೋಡೆಗೆ ಮುಖಮಾಡಿ, "ಹೌದು, ಕಲ್ಲು ಮನಸ್ಸಿನ ಜನ," ಎಂದು ಹೂಂಗುಟ್ಟುತ್ತಲೇ ಇದ್ದ.