ನಾಲ್ಕು ರಬ್ಬರ್ ಬಿರಡೆ

ಅಕ್ಕ ನನ್ನ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಿದ್ದಳು. ಭಾವ ಮೂರಡಿ ಆಚೆ ನಿಂತಿದ್ದರು.

"ಬೆಳಕಿಗೆ ಅಡ್ಡ ನಿಂತಿದ್ದಾರೆ. ಸರಿಯೋಕೆ ಅವರಿಗೆ ಹೇಳು," ಎಂದಳು ನನಗೆ.

ಭಾವನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಆದರೂ ನಾನು "ಭಾವ, ಸ್ವಲ್ಪ ಸರೀಬೇಕಂತೆ" ಎಂದ ಮೇಲೆಯೇ ಸರಿದು ಗೋಡೆಗೆ ಒರಗಿದರು. ಐದು ತಿಂಗಳಿಂದ ಅವರ ಸಂಸಾರ ನಡೆಯುತ್ತಿರುವುದು ಹೀಗೆಯೇ.

ಭಾವನಿಗೆ ಜೀಪಿನಲ್ಲಿ ಗುಡ್ಡ ಹತ್ತುವ ಹುಚ್ಚು. ಐದು ತಿಂಗಳ ಹಿಂದೆ ಒಂದು ಜಲ್ಲಿ ರಸ್ತೆಯಲ್ಲಿ ಅಕ್ಕ ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದಳು. ಜೀಪಿನ ಚಕ್ರದಿಂದ ಸಿಡಿದ ಒಂದು ಕಲ್ಲಿಗೆ ಅವಳ ಎಡಗಣ್ಣು ಹೋಯಿತು. ಕಲ್ಲು, ಕೆಸರು ಸಿಡಿಯದಂತೆ ಚಕ್ರದ ಹಿಂದೆ ತೂಗುಹಾಕುವ ಮಡ್‌ಫ್ಲಾಪ್ ಜೀಪಿಗೆ ಇರಲಿಲ್ಲ. "ಯಾರು ಬಿಚ್ಚಿದ್ದು?" ಎಂದು ಅವಳು ಆಸ್ಪತ್ರೆಯ ಮಂಚದಿಂದ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಭಾವ "ನಾನೇ" ಎಂದರು. ತೆರೆದ ಬಾಯನ್ನು ನಾನು ಹಾಗೇ ಮುಚ್ಚಿಕೊಂಡೆ.

ಬಿಚ್ಚಿದವನು ನಾನು. ಕೆಸರಿನಲ್ಲಿ ರಿವರ್ಸ್ ತೆಗೆಯುವಾಗ ಫ್ಲಾಪು ಚಕ್ರದಡಿ ಸಿಕ್ಕಿ ಬ್ರಾಕೆಟ್ ಸೊಟ್ಟಗಾಗಿತ್ತು. "ಹೊಸದು ಹಾಕು, ಹಿಂದೆ ನಿಮ್ಮಕ್ಕ ಬರ್ತಿರ್ತಾಳೆ" ಎಂದಿದ್ದರು ಭಾವ. "ಅವಳ ಸ್ಕೂಟರು ನಿಮ್ಮನ್ನ ಹಿಡಿಯೋದು ಮುಂದಿನ ಜನ್ಮಕ್ಕೆ" ಎಂದು ನಕ್ಕು, ಎರಡನ್ನೂ ಬಿಚ್ಚಿ ಎಸೆದಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಇಲ್ಲಿ ಎಮ್ಮೆಯೇ ಬಂದು ಬೆನ್ನು ಕೊಟ್ಟಿತ್ತು, ಎತ್ತು ಸುಮ್ಮನೆ ಮೇಯುತ್ತಿತ್ತು.

ಫ್ಲಾಪು ಹಾಕಿಸದೆ ಜೀಪು ರಸ್ತೆಗೆ ಇಳಿಯಕೂಡದೆಂದು ಅಕ್ಕನ ಹಟ. "ಉಳಿದಿರೋ ಕಣ್ಣಲ್ಲೇ ನೋಡ್ತೀನಿ" ಎಂದು ತಾನೇ ಬಂದಿದ್ದಳು.

ಜೀಪಿನ ಹಿಂಭಾಗವನ್ನು ಜಾಕಿಯಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದೆ. ಅಕ್ಕ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಚಾಸಿಯ ಒಣಕೆಸರನ್ನು ವೈರ್ ಬ್ರಷ್‌ನಿಂದ ಉಜ್ಜಿದೆ. ಬೋಲ್ಟಿನ ತೂತುಗಳು ಕಂಡವು, ಪ್ರತಿಯೊಂದರ ಬಾಯಿಗೂ ಗ್ರೀಸು ಸವರಿ ಒತ್ತಿದ ರಬ್ಬರ್ ಬಿರಡೆ. ಬಿಚ್ಚಿದ ತೂತನ್ನು ಬರಿದೇ ಬಿಟ್ಟರೆ ತುಕ್ಕು ಹಿಡಿಯುತ್ತದೆ ಎಂದು ಅಪ್ಪ ನನಗೆ ಹೊಡೆದು ಕಲಿಸಿದ್ದ. ಏಟು ಬೀಳುವಾಗ ಅಕ್ಕನೂ ಅಲ್ಲೇ ಇದ್ದಳು.

ಟಾರ್ಚಿನ ಬೆಳಕು ಬಿರಡೆಯ ಮೇಲೆಯೇ ನಿಂತಿತು.

"ಅವರಿಗೆ ಸ್ಪ್ಯಾನರ್ ಯಾವ ಕಡೆಯಿಂದ ಹಿಡೀಬೇಕು ಅಂತಾನೂ ಗೊತ್ತಿಲ್ಲ," ಎಂದಳು. "ಇದು ನಿನ್ನ ಕೈ ಕಣೋ."

"ಹೌದಕ್ಕ. ಭಾವ ಬೇಡ ಅಂದ್ರು. ನಾನೇ ಕೇಳ್ಲಿಲ್ಲ."

"ಐದು ತಿಂಗಳು ನನ್ನ ಕೈಯಡುಗೆ ತಿಂದ್ಕೊಂಡು ಸುಮ್ಮನಿದ್ಯಲ್ಲೋ."

ನಾಚಿಕೆಯಿಂದ ಜೀಪಿನಡಿಯಿಂದ ಈಚೆ ಬರಲೂ ಆಗಲಿಲ್ಲ. ಬಿರಡೆ ಕಿತ್ತು, ಬ್ರಾಕೆಟ್ ಕೂರಿಸಿ, ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಫ್ಲಾಪು ನೇರವಾದ ಮೇಲೆ ಬಿಗಿ ಮಾಡಿದೆ. ಎಡಗಡೆ ಮುಗಿಸಿ ಬಲಗಡೆಗೆ ಹೋದೆ. ಟಾರ್ಚ್ ನನ್ನ ಜೊತೆಗೇ ಬಂತು.

ಮುಗಿದ ಮೇಲೆ ಅಕ್ಕ ಬಲಗಡೆಯ ಫ್ಲಾಪನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಬ್ರಾಕೆಟ್ ಕೂದಲೆಳೆಯಷ್ಟು ಅಲುಗಿತು. ನಾನು ಸ್ಪ್ಯಾನರಿಗೆ ಕೈ ಚಾಚಿದೆ. ಅವಳು ನನ್ನ ಕಡೆ ನೋಡದೆ ಗೋಡೆಯ ಕಡೆ ತಿರುಗಿದಳು.

"ರೀ," ಎಂದಳು.

ಭಾವ ಬೆಚ್ಚಿ ನೆಟ್ಟಗೆ ನಿಂತರು. ಅವರ ಕಣ್ಣು ತುಂಬಿತ್ತು.

"ರೀ, ಇದಿನ್ನೂ ಅಲ್ಲಾಡ್ತಿದೆ. ಬಿಗಿ ಮಾಡೋಕೆ ಅವನಿಗೆ ಹೇಳಿ."