ಉಡಿಯಕ್ಕಿ

ಶಾಮಿಯಾನದ ಮುಂದಿನ ಸಾಲಿನಲ್ಲಿ ಕೂತಿದ್ದ ಓಬಮ್ಮನ ಕಣ್ಣು ವೇದಿಕೆಯ ಮೇಲಿರಲಿಲ್ಲ. ಪಕ್ಕದಲ್ಲಿ ಕೂತ ವಾರಗಿತ್ತಿ ರೇಣುಕಾಳ ಹೊಸ ಹಸಿರು ಸೀರೆಯ ಅಂಚಿನ ಮೇಲಿತ್ತು. ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನಿಗೆ ಭೂಮಿ ಕೊಟ್ಟವರ ಮನೆಯ ಹೆಣ್ಣುಮಗಳು ಹಸಿರು ಉಟ್ಟು ಬರಬೇಕೆಂದು ಕಂಪನಿಯವರು ಹೇಳಿ ಕಳಿಸಿದ್ದರು. ಓಬಮ್ಮ ಭೂಮಿ ಕೊಟ್ಟವಳಲ್ಲ. ಆದರೂ ಬೆಳಿಗ್ಗೆ ಟ್ರಂಕಿನ ತಳದಿಂದ ಮದುವೆಯ ಹಸಿರು ಸೀರೆ ತೆಗೆದು ಉಟ್ಟುಕೊಂಡು ಬಂದಿದ್ದಳು.

"ಭಾಳ ಚಂದ ಕಾಣಾಕತ್ತೀ ಅಕ್ಕ," ಎಂದಳು ರೇಣುಕಾ.

"ಹಳೇದವ್ವ. ನಿನ್ನಂಗ ಕೊಟ್ಟೂರಿಗೆ ಹೋಗಿ ತರಾಕ ನಮ್ಮ ಹೊಲದಾಗೇನು ಫ್ಯಾನು ತಿರಗತೈತಾ?"

ರೇಣುಕಾ ನಕ್ಕುಬಿಟ್ಟಳು. ಆ ನಗುವಿಗೇ ಓಬಮ್ಮನ ಮೈ ಉರಿಯಿತು. ತಿರುಗಿ ಒಂದು ಮಾತು ಅಂದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅಣ್ಣತಮ್ಮಂದಿರ ಹೊಲ, ಹೊಲದ ಮನೆ, ಎಲ್ಲ ಒಂದೇ ಬದುವಿನ ಆಚೆ ಈಚೆ. ಕಂಪನಿಯವರು ಮೊದಲು ಬಂದದ್ದು ಓಬಮ್ಮನ ಬಾಗಿಲಿಗೇ. ಗಂಡ ಕರಿಸಿದ್ದಪ್ಪನಿಗೆ ಕುರಿ ಬಿಟ್ಟರೆ ಬೇರೆ ಲೋಕವಿಲ್ಲ. "ನಿನಗ ಹೆಂಗ ತಿಳಿತೈತೋ ಹಂಗ ಮಾಡು," ಎಂದಿದ್ದ. ಅದೇ ವಾರ ಊರ ಕಟ್ಟೆಯ ಮುಂದೆ ಒಂದು ಭಾಷಣ ನಡೆಯಿತು. ಈಗ ವೇದಿಕೆಯ ನಡುವಿನ ಕುರ್ಚಿಯಲ್ಲಿರುವ ಶಾಸಕರು ಆಗ ಚುನಾವಣೆ ಸೋತು ಊರೂರು ತಿರುಗುತ್ತಿದ್ದರು. "ಈ ರೆಕ್ಕಿ ಮೋಡಾನ ಬೀಸಿ ಬೀಸಿ ಆಂಧ್ರಕ್ಕ ಅಟ್ಟತಾವು! ಮಳಿ ಬೇಕಂದ್ರ ಒಂದು ಗೇಣು ಭೂಮಿ ಕೊಡಬ್ಯಾಡ್ರಿ!" ಎಂದು ಕೈ ಎತ್ತಿ ಕೂಗಿದ್ದರು. ಎಲ್ಲರ ಜೊತೆ ಓಬಮ್ಮನೂ ಚಪ್ಪಾಳೆ ಹೊಡೆದಿದ್ದಳು. ಮರುದಿನ ಕಂಪನಿಯವರಿಗೆ ನೀರು ಕೂಡ ಕೊಡದೆ ಕಳಿಸಿದಳು. ಅವರು ಬದು ದಾಟಿ ರೇಣುಕಾಳ ಮನೆಗೆ ಹೋದರು.

ಈಗ ರೇಣುಕಾಳ ಮನೆಗೆ ಆರ್‌ಸಿಸಿ ಬಿದ್ದಿತ್ತು, ಬಾಗಿಲ ಮುಂದೆ ಗ್ರಾನೈಟ್ ಕಟ್ಟೆ ಬಂದಿತ್ತು. ಓಬಮ್ಮನ ಪಾಲಿಗೆ ಬಂದದ್ದು ನೆರಳು. ಸಂಜೆಯಾದರೆ ಫ್ಯಾನಿನ ರೆಕ್ಕೆಗಳ ನೆರಳು ಬದು ದಾಟಿ ಅವಳ ಅಂಗಳ ಗುಡಿಸುತ್ತಿತ್ತು.

ಶಾಸಕರು ಮೈಕು ಹಿಡಿದರು. "ಹವಾಮಾನ ಬದಲಾವಣಿ ಅಂದ್ರ ಏನು? ಭೂಮಿತಾಯಿಗೆ ಜ್ವರ ಬಂದೈತಿ! ಇದು ಬರೇ ಫ್ಯಾನಲ್ಲ, ತಾಯಿಗೆ ಬೀಸೋ ಬೀಸಣಿಗಿ. ಜ್ವರ ಇಳದ್ರ ಹೋದ ಮಳಿ ತಾನಾಗೇ ವಾಪಸ್ ಬರತೈತಿ. ಹೊಗಿ ಇಲ್ಲದ ಕರೆಂಟು ನಮ್ಮೂರಿಂದ ಇಡೀ ದೇಶಕ್ಕ ಹೋಗತೈತಿ!"

"ಹೋಗೋವಾಗ ನಮ್ಮ ಮೋಟರಿಗೂ ಈಟು ಬಿಟ್ಟು ಹೋಗಂತ ಹೇಳ್ರಿ," ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಶಾಸಕರೂ ನಕ್ಕರು.

ಓಬಮ್ಮ ಅವರ ಮುಖವನ್ನೇ ನೋಡಿದಳು. ಅದೇ ಬಾಯಿ, ಎತ್ತಿದ ಅದೇ ಕೈ. ಕಟ್ಟೆಯ ಮುಂದಿನ ಆ ದಿನದ ಒಂದು ಗುರುತೂ ಆ ಮುಖದಲ್ಲಿರಲಿಲ್ಲ.

ಫ್ಯಾನಿನ ಬುಡದ ಪೂಜೆಗೆ ಆರತಿ ತಟ್ಟೆ ಬೇಕೆಂದು ರೇಣುಕಾ ಎದ್ದು ಮನೆಯ ಕಡೆ ಹೋದಳು. ಅವಳು ಅತ್ತ ಹೋಗಿದ್ದಾಗಲೇ ಇತ್ತ ಭೂಮಿ ಕೊಟ್ಟ ತಾಯಿಗೆ ಉಡಿ ತುಂಬುವುದಾಗಿ ಮೈಕಿನಲ್ಲಿ ಸಾರಿದರು. ಶಾಸಕರ ಹೆಂಡತಿ ಮೊರ ಹಿಡಿದು ವೇದಿಕೆಯಿಂದ ಇಳಿದರು, ಮುಂದಿನ ಸಾಲಿನಲ್ಲಿ ಹಸಿರು ಸೀರೆಯನ್ನು ಹುಡುಕಿದರು, ನೇರವಾಗಿ ಓಬಮ್ಮನ ಎದುರು ಬಂದು ನಿಂತರು.

"ಏಳ್ರಿ ತಾಯಿ, ಸೆರಗು ಒಡ್ಡರಿ."

ನಾನಲ್ರಿ ಎನ್ನಬೇಕಿತ್ತು. ಅಷ್ಟರಲ್ಲಿ ಕೈಗಳು ಸೆರಗು ಒಡ್ಡಿದ್ದವು. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಬಾಳೆಹಣ್ಣು, ಎಲೆ ಅಡಿಕೆ, ಜರಿಯ ಕುಪ್ಪಸದ ಕಣ. ಬಿದ್ದಮೇಲೆ ಮುಗಿಯಿತು. ತುಂಬಿದ ಉಡಿಯನ್ನು ತಿರುಗಿ ಕೊಡುವಂತಿಲ್ಲ. ಮನೆಯ ದೇವರ ಜಗಲಿ ಮುಟ್ಟುವ ತನಕ ನೆಲಕ್ಕೆ ಇಡುವಂತಿಲ್ಲ, ಇನ್ನೊಬ್ಬರ ಕೈಗೆ ದಾಟಿಸುವಂತೆಯೂ ಇಲ್ಲ.

ಶಾಸಕರು ತಾವೇ ಇಳಿದು ಬಂದು ಮೈಕು ಒಡ್ಡಿದರು. "ಹೇಳ್ರಿ ತಾಯಿ, ಯಾಕ ಕೊಟ್ರಿ ಭೂಮಿ?"

ಅವತ್ತು ಮೋಡ ಓಡತಾವ ಅಂದಿದ್ರಲ್ರಿ ಎಂದು ಕೇಳಬೇಕು. ಕೇಳಿಯೇ ಬಿಡುತ್ತೇನೆ ಎಂದುಕೊಂಡು ಓಬಮ್ಮ ತಲೆ ಎತ್ತಿದಳು. ಶಾಮಿಯಾನದ ಅಂಚಿನಲ್ಲಿ ರೇಣುಕಾ ಬಂದು ನಿಂತಿದ್ದಳು. ಕೈಯಲ್ಲಿ ಹೊಸ ಬೆಳ್ಳಿಯ ಆರತಿ ತಟ್ಟೆ ಥಳಥಳ ಹೊಳೆಯುತ್ತಿತ್ತು.

"ಭೂಮಿತಾಯಿ ಜ್ವರ ಇಳೀಲಿ ಅಂತ ಕೊಟ್ಟೀನ್ರಿ," ಎಂದಳು ಓಬಮ್ಮ.

ಎಲ್ಲರಿಗಿಂತ ಜೋರಾಗಿ ಶಾಸಕರೇ ಚಪ್ಪಾಳೆ ಹೊಡೆದರು. ಆಳು ತಪ್ಪಿತೆಂದು ಗಾಬರಿಯಿಂದ ಎದ್ದು ನಿಂತಿದ್ದ ಕಂಪನಿಯ ಮ್ಯಾನೇಜರು ಅದನ್ನು ಕಂಡು ಮೆಲ್ಲಗೆ ಕೂತರು. "ಈಕಿ ಯಾವಾಗ ಕೊಟ್ಟಾಳ, ಕನಸಿನಾಗೇನು?" ಎಂದು ಹಿಂದಿನ ಸಾಲಿನ ಜಂಬಮ್ಮ ಅಂದದ್ದು, ನಾಲ್ಕಾರು ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕದ್ದು ಓಬಮ್ಮನಿಗೆ ಕೇಳಿಸಿತು. ರೇಣುಕಾ ತಟ್ಟೆ ಹಿಡಿದು ಫ್ಯಾನಿನ ಬುಡಕ್ಕೆ ಹೋಗಿ ಆರತಿ ಮಾಡಿದಳು.

ಹೊತ್ತು ಇಳಿಯುವಾಗ ಕಾರುಗಳು ಧೂಳೆಬ್ಬಿಸಿ ಹೋದವು. ಓಬಮ್ಮ ಒಬ್ಬಳೇ ಬದುವಿನ ಮೇಲೆ ನಡೆದಳು. ಎರಡೂ ಕೈ ಉಡಿಯಲ್ಲಿ. ಗಾಳಿಗೆ ಮುಖಕ್ಕೆ ಬೀಳುವ ಕೂದಲನ್ನು ಸರಿಸಿಕೊಳ್ಳಲೂ ಆಗಲಿಲ್ಲ. ಹಿಂದೆ ಹೆಜ್ಜೆ ಸಪ್ಪಳ ಕೇಳುತ್ತಿತ್ತು. ತಿರುಗಿ ನೋಡಲಿಲ್ಲ.

ಮನೆಗೆ ಬೀಗ. ಕರಿಸಿದ್ದಪ್ಪ ಕುರಿ ಹಿಂಡಿನ ಜೊತೆ ಎಲ್ಲಿದ್ದಾನೋ. ಉಡಿ ಇಡುವಂತಿಲ್ಲ, ಕೈ ಬಿಡುವಂತಿಲ್ಲ. ಓಬಮ್ಮ ಬಾಗಿಲಿಗೆ ಮುಖ ಮಾಡಿ ಸುಮ್ಮನೆ ನಿಂತಳು.

"ಕೀಲಿಕೈ ಎಲ್ಲೈತಕ್ಕ?" ರೇಣುಕಾಳ ದನಿ.

ಓಬಮ್ಮ ತಿರುಗದೆಯೇ, "ನಡದಾಗ," ಎಂದಳು.

ರೇಣುಕಾ ಹತ್ತಿರ ಬಂದು ಹಳೆಯ ಹಸಿರು ಸೀರೆಯ ನಡುವಿನಲ್ಲಿ ಬೆರಳಾಡಿಸಿ ಕೀಲಿಕೈ ತೆಗೆದಳು. ಬೀಗ ಬಿಚ್ಚಿ, ಬಾಗಿಲು ದೂಡಿ, ಕೀಲಿಕೈಯನ್ನು ಮತ್ತೆ ಅದೇ ಜಾಗದಲ್ಲಿ ಸಿಕ್ಕಿಸಿದಳು.

"ಜ್ವಾಕಿ ಅಕ್ಕ, ಅಕ್ಕಿ ಚೆಲ್ಲೀತು," ಎಂದು ಹೇಳಿ ಬದು ದಾಟಿ ಹೊರಟುಹೋದಳು.

ಬಾಗಿಲು ತೆರೆದೇ ಇತ್ತು. ಓಬಮ್ಮ ಹೊಸ್ತಿಲ ಈಚೆ ನಿಂತೇ ಇದ್ದಳು. ಬೆನ್ನ ಹಿಂದಿನಿಂದ ರೆಕ್ಕೆಯ ನೆರಳು ಬಂತು, ಅವಳನ್ನು ದಾಟಿ ಒಳಗೆ ಹೋಯಿತು, ದೇವರ ಜಗಲಿಯನ್ನು ಮುಟ್ಟಿ ಹಿಂದಿರುಗಿತು. ಮತ್ತೆ ಬಂತು.