ಗುಳ್ಳೆಮೀನು

ಸರ್ಕಾರಿ ಮನುಷ್ಯ ಬಹುವಚನದಲ್ಲಿ ಮಾತಾಡಿಸಿದನೆಂದರೆ ಏನನ್ನೋ ಕಿತ್ತುಕೊಳ್ಳಲು ಬಂದಿದ್ದಾನೆಂದೇ ಬೆಸ್ತರ ಸುಬ್ಬರಾಯಪ್ಪನ ಲೆಕ್ಕ. ಬೈಯುತ್ತಾ ಬಂದವನು ಬೈದು ಹೋಗುತ್ತಾನೆ, ಅವನಿಂದ ಅಪಾಯವಿಲ್ಲ. ಆದರೆ ಅರವತ್ನಾಲ್ಕನೇ ಇಸವಿಯ ಆ ಬೆಳಗ್ಗೆ ಬಂಗಾರಪೇಟೆಯಿಂದ ಜೀಪಿನಲ್ಲಿ ಬಂದಿಳಿದ ಮೀನಿನ ಇಲಾಖೆಯ ಆದಿನಾರಾಯಣ, ಬೇತಮಂಗಲದ ಕೆರೆಕಟ್ಟೆಯ ಮೇಲೆ ನಿಂತು ಕೈಮುಗಿದೇಬಿಟ್ಟ.

"ಸುಬ್ಬರಾಯಪ್ಪನೋರೆ, ನಿಮ್ಮ ದೋಣಿ ಒಂದು ಗಳಿಗೆ ಕೊಡ್ತೀರಾ?"

ಸುಬ್ಬರಾಯಪ್ಪ ದೋಣಿಯ ಹಗ್ಗವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

ಜೀಪಿನಿಂದ ಟ್ರಂಕಿನಂಥ ಪೆಟ್ಟಿಗೆಯೊಂದು ಇಳಿಯಿತು. ಅದರೊಳಗೆ ಕಾಗದದ ಸುರುಳಿ, ಸುರುಳಿಯ ಮೇಲೊಂದು ಮುಳ್ಳು. ಪೆಟ್ಟಿಗೆಯಿಂದ ಹೊರಟ ಕರಿ ವೈರಿನ ತುದಿಗೆ ಒಬ್ಬಟ್ಟಿನಗಲದ ದಪ್ಪ ಬಿಲ್ಲೆ. ಯಂತ್ರ ಇಲಾಖೆಗೆ ಬಂದು ಇನ್ನೂ ಒಂದು ವಾರವಷ್ಟೇ ಆಗಿತ್ತಂತೆ. ಹೊಸ ಅಳಿಯನನ್ನು ಕರೆತಂದ ಹಾಗೆ ಆದಿನಾರಾಯಣ ಅದನ್ನು ಕೈಯಲ್ಲೇ ನಡೆಸಿಕೊಂಡು ಬಂದ.

"ಈ ಬಿಲ್ಲೆ ನೀರೊಳಗೆ ಸದ್ದು ಮಾಡುತ್ತೆ. ಸದ್ದು ಮೀನಿಗೆ ತಾಗಿ ವಾಪಸ್ ಬಂದರೆ ಕಾಗದದ ಮೇಲೆ ಚುಕ್ಕೆ ಬೀಳುತ್ತೆ. ಮೀನು ಕಡಿಮೆ ಇದ್ದರೆ ನಾವು ಮರಿ ತಂದು ಬಿಡ್ತೀವಿ. ನಿಮಗೇ ಅನುಕೂಲ."

"ಜಾಸ್ತಿ ಇದ್ರೆ ಸ್ವಾಮಿ?"

"ಜಾಸ್ತಿ ಇದ್ದರೆ ಮರಿ ಯಾಕೆ? ಹರಾಜಿಗೆ ಬರೆದು ಕಳಿಸ್ತೀವಿ."

ಹರಾಜು! ಕಾಮಸಮುದ್ರದ ಕಡೆಯ ಕೆರೆಯೊಂದಕ್ಕೂ ಹಿಂದೆ ಹೀಗೇ ಒಬ್ಬ ಪುಸ್ತಕ ಹಿಡಿದು ಬಂದಿದ್ದ. ವರ್ಷ ತಿರುಗುವುದರೊಳಗೆ ಆ ಕೆರೆ ಹರಾಜಿನಲ್ಲಿ ಊರಿಗಾಂನ ಗುತ್ತಿಗೆದಾರ ಕುಪ್ಪುಸ್ವಾಮಿಯ ಪಾಲಾಗಿ, ಅಲ್ಲಿಯ ಬೆಸ್ತರು ತಮ್ಮ ಕೆರೆಯಲ್ಲೇ ಅವನ ಕೂಲಿಗಳಾದರು. ಅದೇ ಗತಿ ತನಗೂ ಬಂತೆಂದು ಸುಬ್ಬರಾಯಪ್ಪನಿಗೆ ಖಾತ್ರಿಯಾಯಿತು. ಹೋದ ಮಳೆಗಾಲದಲ್ಲಿ ಕೋಡಿ ಬಿದ್ದಾಗ ಕೆರೆಯ ಮೀನೆಲ್ಲ ಕೊಚ್ಚಿಹೋಗಿದ್ದು ನಿಜ. ಆದರೆ ಕೆರೆಯ ನಡುವೆ, ಬಂಡೆಯ ಪಕ್ಕ ಮುಳುಗಿದ್ದ ಹಳೇ ಬಾವಿಯ ಆಳದಲ್ಲಿ ನಾಲ್ಕಾರು ದೊಡ್ಡವು ಉಳಿದಿದ್ದವು. ಆ ಜಾಗ ಗೊತ್ತಿದ್ದದ್ದು ಅವನೊಬ್ಬನಿಗೇ. ನಾಲ್ಕು ಕಂಡರೆ ನಾನೂರು ಎಂದು ಬರೆಯುವ ಜನ ಇವರು!

ಆದಿನಾರಾಯಣ ದೋಣಿಯ ಮಗ್ಗುಲಿಗೆ ಕಬ್ಬಿಣದ ಸರಳು ಬಿಗಿದು, ಅದರ ತುದಿಗೆ ಬಿಲ್ಲೆ ಕೂರಿಸಿ, ನೀರೊಳಗೆ ಒಂದು ಮೊಳ ಇಳಿಸಿದ. ಬಿಲ್ಲೆಯ ಮುಖ ನೆಟ್ಟಗೆ ಕೆರೆಯ ತಳ ನೋಡುವಂತೆ ಬಗ್ಗಿ ಬಗ್ಗಿ ಸರಿಮಾಡಿದ.

"ನೀವು ಹುಟ್ಟು ಹಾಕೋ ಕಡೆಯಿಂದ ಇದು ದೂರ ಇರಬೇಕು. ಬಿಲ್ಲೆ ಕೆಳಗೆ ಗುಳ್ಳೆ ಸೇರಿದರೆ ಯಂತ್ರ ಕೆಟ್ಟ ಹಾಗೇ ಲೆಕ್ಕ," ಎಂದು ಹೇಳಿ, ಬ್ಯಾಟರಿ ತರಲು ಜೀಪಿನ ಕಡೆ ನಡೆದ.

ಅಷ್ಟು ಸಾಕಾಯಿತು. ಸುಬ್ಬರಾಯಪ್ಪ ತಿರುಪು ಸಡಿಲಿಸಿ, ಸರಳನ್ನು ಹುಟ್ಟಿನ ಹತ್ತಿರಕ್ಕೆ ಸರಿಸಿ, ಬಿಲ್ಲೆ ನೀರನ್ನು ಸವರುವಷ್ಟು ಮೇಲಕ್ಕೆತ್ತಿ ಮತ್ತೆ ಬಿಗಿದ. ಕಟ್ಟೆಯ ಮೇಲೆ ಬಲೆ ಹೊಲಿಯುತ್ತಿದ್ದ ಹೆಂಡತಿ ಸೊಣ್ಣಮ್ಮ ತಲೆಯೆತ್ತಿದಳು.

"ಅದ್ಯಾಕ್ ಮಾವ ಬಿಚ್ತೀಯ? ಮರಿ ಬುಡ್ತೀವಿ ಅಂತ ಅವ್ರೇ ಯೇಳ್ಲಿಲ್ವಾ?"

"ಬಾಯ್ ಮುಚ್ಕೊಂಡ್ ಕೂತ್ಕೋ. ಮರಿ ಬುಡೋನು ಯಂತ್ರ ಒತ್ಕೊಂಡ್ ಬತ್ತಾನಾ? ಬಿಂದಿಗೇಲಿ ಮರಿ ತತ್ತಾನೆ!"

ದೋಣಿ ಹೊರಟಿತು. ಯಂತ್ರ ಕುರುಡಾಗಲೆಂದು ಸುಬ್ಬರಾಯಪ್ಪ ಮೈಯ ಬಲವನ್ನೆಲ್ಲ ಹಾಕಿ ಹುಟ್ಟು ಬಡಿದ. ಬಂಡೆಯ ಪಕ್ಕ ಹಾಯುವಾಗಂತೂ ನೀರೆಲ್ಲ ನೊರೆ. ಮುಳ್ಳು ಕರಕರ ಗೀಚುತ್ತಿತ್ತು. ಒಂದು ಸುತ್ತು ಮುಗಿದಾಗ ಆದಿನಾರಾಯಣ ಕಾಗದ ಹರಿದು ಬಿಸಿಲಿಗೆ ಹಿಡಿದ. ಸಾಸಿವೆ ಚೆಲ್ಲಿದ ಹಾಗೆ ಉದ್ದಕ್ಕೂ ಚುಕ್ಕೆ.

"ಏನ್ ಸ್ವಾಮಿ, ಕೆಟ್ಟೋಯ್ತಾ?"

"ಕೆಡೋದೇನು ಬಂತು! ನೋಡಿ ಇಲ್ಲಿ, ಎಲ್ಲಾ ಮೀನೇ! ಇಂಥ ಕೆರೆ ಜಿಲ್ಲೆಯಲ್ಲೇ ಇಲ್ಲ."

ಸುಬ್ಬರಾಯಪ್ಪ ಕಾಗದದತ್ತ ಬಗ್ಗಿದ. ಈ ಹಾಳು ಯಂತ್ರಕ್ಕೆ ಗುಳ್ಳೆಯೂ ಒಂದೇ, ಮೀನೂ ಒಂದೇ. ಕೆರೆಯನ್ನು ಉಳಿಸಲು ಹೋಗಿ ತಾನೇ ಕೈಯಾರೆ ಅದರ ತುಂಬ ಮೀನು ಬಿಟ್ಟಿದ್ದ. ನಾಚಿಕೆ, ಭಯ ಎರಡೂ ಒಟ್ಟಿಗೇ ಬಂದವು.

"ಸ್ವಾಮಿ, ತಪ್ಪಾಯ್ತು. ಅದು ಮೀನಲ್ಲ, ಗುಳ್ಳೆ. ತಿರುಪು ಸಡ್ಲ ಮಾಡಿ ಬಿಲ್ಲೆ ಎತ್ತಿದ್ದು ನಾನೇ."

ಆದಿನಾರಾಯಣ ಬಗ್ಗಿ ನೋಡಿದ. ಸರಳನ್ನು ಮೊದಲಿದ್ದಲ್ಲಿಗೆ ತಂದು ಬಿಲ್ಲೆ ಇಳಿಸಿದ. ಈ ಸಲ ತಾನೇ ತಿರುಪು ಬಿಗಿದು ಅದರ ಮೇಲೆ ಕೈಯಿಟ್ಟುಕೊಂಡು ಕೂತ. ಎರಡನೇ ಸುತ್ತು ಸುಬ್ಬರಾಯಪ್ಪ ಹುಟ್ಟನ್ನು ಮಗುವಿಗೆ ನೀರು ಹೊಯ್ಯುವಷ್ಟು ಮೆತ್ತಗೆ ಹಾಕಿದ. ಆದರೆ ಬಂಡೆ ಬಂದಾಗ ಮನಸ್ಸು ಒಪ್ಪಲಿಲ್ಲ. ಬಾವಿಯನ್ನು ಬಳಸಿಕೊಂಡು ದೂರದಿಂದ ಹಾದ. ಕಾಗದದಲ್ಲಿ ಕೆರೆಯ ತಳದ ಗೆರೆ ಬಿಟ್ಟರೆ ಏನೂ ಬೀಳಲಿಲ್ಲ.

"ಮೊದಲ ಸುತ್ತಿನಲ್ಲಿ ಬಂಡೆ ಪಕ್ಕದಲ್ಲೇ ಹೋಗಿದ್ದಿರಿ. ಈಗ ಯಾಕೆ ಬಳಸಿದಿರಿ?"

"ಅಲ್ಲೇನೈತೆ ಸ್ವಾಮಿ, ಬರೀ ಕಲ್ಲು."

ಆದಿನಾರಾಯಣ ಎರಡೂ ಕಾಗದಗಳನ್ನು ತೊಡೆಯ ಮೇಲೆ ಹರಡಿಕೊಂಡ. ಒಂದರ ತುಂಬ ಮೀನು, ಇನ್ನೊಂದು ಬೋಳು. ಅವನ ಕಣ್ಣಲ್ಲಿ ಈಗ ಮೂಡಿದ್ದ ಅನುಮಾನ ಸುಬ್ಬರಾಯಪ್ಪನಿಗೆ ಚೆನ್ನಾಗಿ ಪರಿಚಯವಿದ್ದದ್ದೇ. ಬೆಳಗಿನಿಂದ ತಾನು ಅವನನ್ನು ನೋಡುತ್ತಿದ್ದದ್ದೂ ಹಾಗೆಯೇ.

"ನಂಬ್ಕೆ ಇಲ್ದಿದ್ರೆ ಬಲೆ ಬೀಸ್ತೀನಿ, ನೀವೇ ನೋಡಿ!" ಎಂದವನೇ ದೋಣಿಯನ್ನು ಕಟ್ಟೆಯ ಬುಡಕ್ಕೆ ತಂದ. ಅಲ್ಲಿ ಸೊಂಟದುದ್ದ ನೀರು. ಕೋಡಿ ಬಿದ್ದಾಗಿನಿಂದ ಒಂದು ಸಣ್ಣ ಮೀನೂ ಅಲ್ಲಿ ಬಲೆಗೆ ಬಿದ್ದದ್ದಿಲ್ಲ. ಎದ್ದು ನಿಂತು ಬಲೆ ಬೀಸಿದ. ಬಲೆ ಬರಿದಾಗಿ ಬರಲೆಂದು ಜೀವಮಾನದಲ್ಲೇ ಮೊದಲ ಸಲ ಬೇಡಿಕೊಂಡ.

ಹಗ್ಗ ಜಗ್ಗಿತು.

ಬಿಟ್ಟುಬಿಡು ಎಂದಿತು ಮನಸ್ಸು. ಕೈ ಕೇಳಲಿಲ್ಲ, ನಲವತ್ತು ವರ್ಷ ಎಳೆದ ಕೈ ಅದು. ತೋಳುದ್ದದ ಬಾಳೆಮೀನು ದೋಣಿಯೊಳಗೆ ಬಿದ್ದು ಪಟಪಟ ಬಡಿಯಿತು, ಇಬ್ಬರ ಮುಖಕ್ಕೂ ನೀರು ಎರಚಿತು.

ಆದಿನಾರಾಯಣ ಮುಖ ಒರೆಸಿಕೊಂಡ. ಬೋಳು ಕಾಗದವನ್ನು ಮುದುರಿ ನೀರಿಗೆಸೆದು, ಚುಕ್ಕೆಯದನ್ನು ಮಡಚಿ ಚೀಲಕ್ಕಿಟ್ಟ.

"ಸ್ವಾಮಿ, ದೇವ್ರಾಣೆಗೂ..."

"ಸಾಕು ಸುಮ್ನಿರು. ಅರವತ್ತು ಸಾವಿರ ಮರಿ ನಿನಗೇ ಅಂತ ಬರೆಸಿಟ್ಟಿದ್ದೆ. ಇನ್ನು ಹರಾಜಿಗೇ ಬರೀತೀನಿ."

ಸುಬ್ಬರಾಯಪ್ಪನಿಗೆ ಕೈತಪ್ಪಿದ ಮರಿಗಳಿಗಿಂತ ಮೊದಲು ಆ 'ನೀನು' ತಾಗಿತು. ಬೆಳಗ್ಗೆ ಕೈಮುಗಿದದ್ದು ಬರೀ ಮರ್ಯಾದೆಯಾಗಿತ್ತು, ಅದರಲ್ಲಿ ಇನ್ನೇನೂ ಇರಲಿಲ್ಲ. ಪೆಟ್ಟಿಗೆ ಹೊತ್ತ ಜೀಪು ಧೂಳೆಬ್ಬಿಸಿಕೊಂಡು ಬಂಗಾರಪೇಟೆಯ ದಾರಿ ಹಿಡಿಯಿತು.

ಕಟ್ಟೆಯ ಮೇಲಿನಿಂದ ಸೊಣ್ಣಮ್ಮ ಕೂಗಿದಳು. "ಮಾವ, ಬಲೇಗ್ ಏನಾರ ಸಿಕ್ತಾ?"

"ಸಿಕ್ತು ಕಣೆ," ಎಂದ ಅವನು. "ನಾನೇ ಸಿಕ್ಕಾಕ್ಕೊಂಡೆ."